ಉಸಿರೆಳೆಯುವ ಜಾಗ

೯ ಜನವರಿ

ಅಪ್ಪ,

ಜೊತೆಗಿರುವ ಹಾಳೆಯನ್ನು ಮೊದಲು ನೋಡು, ಕಾಗದವನ್ನು ಆಮೇಲೆ ಓದು. ನೋಡಿದೆಯಾ? ಅದು ನಾನು ಮಾಡಿದ್ದು! ನಿನ್ನ 'ಮೊದಲ ಬಸ್ಸು' ಹಾಡಿನ ಮೊದಲ ಪುಟ. ಐದು ಗೆರೆಗಳು ನೇರವಾಗಿವೆ, ಸ್ವರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಒಪ್ಪವಾಗಿ ಕೂತಿವೆ, ಒಂದರ ಬಾಲ ಇನ್ನೊಂದರ ಕಣ್ಣಿಗೆ ಚುಚ್ಚುತ್ತಿಲ್ಲ. ಸಂಗೀತ ಬರೆಯುವುದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ ಎಂಬುದು ಹೋದ ತಿಂಗಳವರೆಗೆ ನನಗೆ ಗೊತ್ತೇ ಇರಲಿಲ್ಲ. ಈಗ ಕೂತರೆ ಅದು, ನಿಂತರೆ ಅದು.

ನಡೆದದ್ದು ಇಷ್ಟು. ಜೂನ್‌ನಲ್ಲಿ ನಮ್ಮ ಬಸ್ ಡಿಪೋದ ಹೊಸ ಕಟ್ಟಡ ತೆರೆಯುತ್ತದೆ. ಆ ದಿನ ಡಿಪೋ ಬ್ಯಾಂಡು ನಿನ್ನ ಹಾಡನ್ನೇ ನುಡಿಸಬೇಕೆಂದು ಎಲ್ಲರ ಹಟ. ನೀನು ಹೋದ ಮೇಲೆ ಬಂದಿರುವ ಮಾಸ್ಟರಮ್ಮ ಶಾಲೆಯಲ್ಲಿ ಸಂಗೀತ ಕಲಿಸುವವರು, ಸುಲಭಕ್ಕೆ ನಗುವವರಲ್ಲ. ಅವರು ನಾವು ಅಭ್ಯಾಸಕ್ಕೆ ಸೇರುವ ಟೈರ್ ಗೋದಾಮಿನಲ್ಲಿ ನಮ್ಮ ಹಳೆಯ ಹಾಳೆಗಳನ್ನು ಬೆಳಕಿಗೆ ಹಿಡಿದು, "ಇದು ಸ್ವರಾನಾ, ಗ್ರೀಸಾ?" ಅಂದರು. ಟ್ರಂಪೆಟ್ ನುಡಿಸುವ ಕಂಡಕ್ಟರ್, ಅದೇ ನಮ್ಮ ಸೀಟಿ, "ಮೇಡಂ, ಚಿಕ್ಕ ಚುಕ್ಕಿ ಸ್ವರ, ದೊಡ್ಡ ಚುಕ್ಕಿ ಗ್ರೀಸು" ಅಂದ. ನಿನ್ನ ಕಾಗೆ ಕಾಲು ಗುಬ್ಬಿ ಕಾಲು ಬರವಣಿಗೆಯ ಮೇಲೆ ಎಷ್ಟು ಮೆಕ್ಯಾನಿಕ್ಕುಗಳ ಬೆರಳಾಡಿದೆಯೋ ಏನೋ! ಎಲ್ಲ ವಾದ್ಯಗಳೂ ಒಂದರ ಕೆಳಗೊಂದು ಇರುವ ಪೂರ್ತಿ ಪ್ರತಿ ಎಲ್ಲಿದೆ ಎಂದು ಮಾಸ್ಟರಮ್ಮ ಕೇಳಿದರು. "ಅದು ಅಪ್ಪನ ತಲೆಯಲ್ಲಿದೆ" ಅಂದೆ. "ಹಾಗಾದ್ರೆ ಬಿಡಿ, ಬೇರೆ ಹಾಡು ನೋಡೋಣ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ನಾನು ಮಾಡಿಕೊಡ್ತೀನಿ" ಅಂದುಬಿಟ್ಟೆ.

ಬಸ್ಸುಗಳ ವೇಳಾಪಟ್ಟಿ ಬರೆಯುವವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಮೊದಲ ದಿನ ಕೊಳಲಿನ ರಾಗವನ್ನೆಲ್ಲ ದೊಡ್ಡ ಡ್ರಮ್ಮಿನ ಸಾಲಿಗೆ ತುಂಬಿಸಿದೆ. ಡ್ರಮ್ಮಿನ ಗುಡುಗಣ್ಣ ಅದನ್ನು ನೋಡಿ, "ಕೊನೆಗೂ ನನ್ ಪ್ರತಿಭೆ ಯಾರೋ ಗುರುತಿಸಿದ್ರು!" ಎಂದು ಕಣ್ಣೊರೆಸಿಕೊಳ್ಳುವ ನಾಟಕ ಮಾಡಿದ. ಈಗ ಕೈ ಪಳಗಿದೆ. ಎರಡು ನಿಂತಗೆರೆಗಳ ನಡುವಿನ ಜಾಗಕ್ಕೆ ನೀನು 'ಮನೆ' ಅನ್ನುತ್ತಿದ್ದೆಯಲ್ಲ, ಇಲ್ಲಿ ಮನೆಗಳಿಗೆ ನಂಬರು ತಾನೇ ಬೀಳುತ್ತದೆ. ಮನೆಗೆ ನಾಲ್ಕೇ ಎಣಿಕೆ. ಐದನೆಯದನ್ನು ತುರುಕಿದರೆ ಪಕ್ಕದ ಮನೆಗೆ ತಳ್ಳಿಬಿಡುತ್ತದೆ. ಎಷ್ಟು ಶಿಸ್ತು ನೋಡು!

ಅಪ್ಪ, ಕಿವಿ ಪೂರ್ತಿ ಕೇಳಿಸದೆ ಹೋದ ಮೇಲೆ ನೀನು ಬ್ಯಾಂಡನ್ನೂ ಈ ಊರನ್ನೂ ಬಿಟ್ಟು ಅತ್ತೆಯ ಮನೆ ಸೇರಿದೆ. ಒಮ್ಮೆಯೂ ತಿರುಗಿ ಬರಲಿಲ್ಲ. ಮೊಬೈಲಿಗೆ ಬರೆದರೆ ನೋಡುವುದಿಲ್ಲ ಎಂದು ಹೀಗೆ ಅಂಚೆಗೆ ಹಾಕುತ್ತಿದ್ದೇನೆ. ಜೂನ್‌ನಲ್ಲಿ ಬರುತ್ತೀಯಾ? ಇದೊಂದು ಸಲ.

ನಿನ್ನ ಪೀಪಿ

&nbsp;

೨೪ ಜನವರಿ

ಪೀಪಿ,

ಹಾಳೆ ಬಂತು. ಚೆನ್ನಾಗಿದೆ. ಇನ್ನು ಕಳಿಸಬೇಡ.

ಜೂನ್‌ನಲ್ಲಿ ಬರುವುದಿಲ್ಲ. ಕೇಳಿಸದ ಕಾರ್ಯಕ್ರಮಕ್ಕೆ ಬಂದು ಎಲ್ಲರ ಊದಿಕೊಂಡ ಕೆನ್ನೆ ನೋಡಿಕೊಂಡು ಕೂರಲೇ? ಮೊದಲ ಬಸ್ಸನ್ನು ಓಡಿಸಿದ್ದು ಮುಗಿಯಿತು, ಅದರ ಹಾಡನ್ನು ನುಡಿಸಿದ್ದೂ ಮುಗಿಯಿತು. ನೀವು ನುಡಿಸಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಸಂಗೀತದ ಮಾತು ನನ್ನ ಹತ್ತಿರ ಬೇಡ.

ನಾಲ್ಕನೆಯ ಮನೆಯಲ್ಲಿ ಟ್ರಂಪೆಟ್ಟಿನ ಎರಡನೇ ಸ್ವರ ಅರ್ಧ ಮೆಟ್ಟಿಲು ಇಳಿಯಬೇಕು. ಅದು ಗ್ರೀಸಲ್ಲ, ಇಳಿಸುವ ಗುರುತು.

ಅಪ್ಪ

ನಾನು ಅತ್ತೆ. ಇವನು ಲಕೋಟೆ ಅಂಟಿಸೋಕೆ ಮುಂಚೆ ಕಸಿದುಕೊಂಡು ಬರೀತಿದೀನಿ. ಕಳಿಸಬೇಡ ಅಂದಿದ್ದಾನೆ ಅಂತ ಕಳಿಸದೇ ಇರಬೇಡ ಮಾರಾಯ್ತಿ. ಆ ಒಂದು ಹಾಳೇನ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು ತಿಂಡಿ ತಿಂತಾನೆ. ಟೇಬಲ್ಲಿನ ಮೇಲೆ ಬೆರಳು ಆಡ್ತಾ ಇರುತ್ತೆ. ಏನೋ ಅದು ಅಂತ ಸನ್ನೆ ಮಾಡಿದ್ರೆ ಇರುವೆ ಅಂತಾನೆ.

&nbsp;

೨೦ ಫೆಬ್ರವರಿ

ಅಪ್ಪ,

ನಾಲ್ಕನೆಯ ಮನೆ ಸರಿಮಾಡಿದೆ. ನಿನ್ನ ಮಾತು ಮೀರಿ ಅರ್ಧ ಹಾಡಿನ ಪೂರ್ತಿ ಪ್ರತಿಯನ್ನು ಕಳಿಸುತ್ತಿದ್ದೇನೆ. ಬಯ್ಯುವುದಿದ್ದರೆ ಕೆಂಪು ಪೆನ್ಸಿಲ್ಲಿನಲ್ಲಿ ಬಯ್ಯಿ, ನನಗೆ ತಿದ್ದಲು ಅನುಕೂಲ.

ಹೋದ ವಾರ ನನ್ನ ಮಾನ ಮೂರು ಕಾಸಿಗೆ ಹೋಯಿತು. ಕ್ಲಾರಿನೆಟ್ ಮತ್ತು ಟ್ರಂಪೆಟ್ಟಿನವರಿಗೆ ಸ್ವರವನ್ನು ಒಂದು ಮೆಟ್ಟಿಲು ಮೇಲೆ ಬರೆಯಬೇಕೆಂದು ನಮಗೆ ಗೊತ್ತಿರುವುದೇ. ನೀನು ಹಳೆಯ ಹಾಳೆಗಳಲ್ಲಿ ಹಾಗೇ ಬರೆದಿದ್ದೆ, ನಾನು ಅದನ್ನು ಹಾಗೇ ಇಳಿಸಿಕೊಂಡೆ. ಆದರೆ ಸಾಫ್ಟ್‌ವೇರಿಗೂ ಈ ವಿಷಯ ಗೊತ್ತಿತ್ತು! ಪ್ರಿಂಟ್ ಕೊಡುವಾಗ ಅದು ತಾನೂ ಒಂದು ಮೆಟ್ಟಿಲು ಏರಿಸಿತು. ಹೊಸ ಗರಿಗರಿ ಹಾಳೆಗಳನ್ನು ಎಲ್ಲರಿಗೂ ಹಂಚಿ, ಎದೆಯುಬ್ಬಿಸಿ ಕೂತೆ. ಮಾಸ್ಟರಮ್ಮ ಕೈ ಎತ್ತಿದರು. ಅಬ್ಬಾ, ಆ ಸದ್ದು! ಗೋದಾಮಿನ ಟೈರುಗಳೆಲ್ಲ ಒಟ್ಟಿಗೆ ಪಂಕ್ಚರ್ ಆದ ಹಾಗೆ. ಸರಿಯಾಗಿ ನುಡಿಸುತ್ತಿದ್ದವರು ಕೊಳಲಿನವರು ಮತ್ತು ಗುಡುಗಣ್ಣ ಮಾತ್ರ. ಮಾಸ್ಟರಮ್ಮ ಮೊದಲ ಸಲ ನಕ್ಕರು, ಅದೂ ಹೊಟ್ಟೆ ಹಿಡಿದುಕೊಂಡು. ಆಮೇಲೆ ಇಡೀ ಸಾಲನ್ನು ಆರಿಸಿ, ಒಂದೇ ಏಟಿಗೆ ಒಂದು ಮೆಟ್ಟಿಲು ಇಳಿಸುವುದನ್ನು ಕಲಿತೆ. ಕೈಯಲ್ಲಿ ಬರೆದಿದ್ದರೆ ತಿಂಗಳ ಕೆಲಸ, ಅಪ್ಪ!

ನಾನೂ ಊದುವ ನಿನ್ನ ಕ್ಲಾರಿನೆಟ್ ಹಾಳೆಯನ್ನು ಹೇಗೆ ಸ್ವಚ್ಛ ಮಾಡಿದ್ದೇನೆ ನೋಡು. ಗೆರೆಗಳ ಮೇಲೆಲ್ಲ ನೊಣ ಕೂತೆದ್ದ ಕಲೆಗಳಿದ್ದವು. ಒಂದನ್ನೂ ಉಳಿಸಿಲ್ಲ. ಸ್ವರಗಳನ್ನು ವೇಳಾಪಟ್ಟಿಯ ಹಾಗೆ ಒತ್ತೊತ್ತಾಗಿ ಜೋಡಿಸಿ ಕಾಗದ ಉಳಿಸಿದ್ದೇನೆ.

ಇನ್ನೂ ದೊಡ್ಡ ಸುದ್ದಿ. ಕಂಪ್ಯೂಟರಿಗೆ ಸ್ಪೀಕರ್ ಸಿಕ್ಕಿಸಿದೆ. ಇದು ನುಡಿಸುತ್ತದೆ ಅಪ್ಪ! ಬರೆದದ್ದನ್ನೆಲ್ಲ, ಎಲ್ಲ ವಾದ್ಯಗಳನ್ನೂ, ಒಂದು ಕಡೆಯೂ ಎಡವದೆ ನುಡಿಸುತ್ತದೆ. ನೀನು ಒಂದು ಸಲ ಕೇಳಿದರೆ...

ಬರೆದದ್ದು ಬರೆದಾಯಿತು. ಹೊಡೆದು ಹಾಕುವುದಿಲ್ಲ.

ಒಂದು ಚಿಂತೆ ಇದೆ. ಸ್ವರಗಳೆಲ್ಲ ಈಗ ಸರಿ. ಆದರೂ ನಾವು ನುಡಿಸಿದರೆ ಮಾಸ್ಟರಮ್ಮನ ಮುಖ ಗಂಟಿಕ್ಕುತ್ತದೆ. "ಕಂಪ್ಯೂಟರಲ್ಲಿ ಎಷ್ಟು ಚೆನ್ನಾಗಿ ಹರಿಯುತ್ತೆ, ನಿಮ್ಮ ಕ್ಲಾರಿನೆಟ್ ಸಾಲು ಯಾಕೆ ಹರಿದ ಬಟ್ಟೆ ಥರ ಇದೆ? ಎಲ್ಲೆಲ್ಲೋ ತೂತು" ಅನ್ನುತ್ತಾರೆ. ಹೀಗೇ ಇದ್ದರೆ ಬೇರೆ ಹಾಡು ಆರಿಸುತ್ತಾರಂತೆ. ನೀನಿದ್ದಾಗ ತೂತಿರಲಿಲ್ಲ. ಏನು ತಪ್ಪಿದೆ ಹೇಳು, ನಿನ್ನ ದಮ್ಮಯ್ಯ.

ಪೀಪಿ

&nbsp;

೧೯ ಮಾರ್ಚ್

ಪೀಪಿ,

ನಿನ್ನ ಹಾಳೆಗಳನ್ನು ತಿದ್ದಿ ವಾಪಸು ಕಳಿಸಿದ್ದೇನೆ. ಹೆದರಬೇಡ, ರಕ್ತವಲ್ಲ, ಕೆಂಪು ಪೆನ್ಸಿಲ್ಲು.

ಇಪ್ಪತ್ತನೆಯ ಮನೆಯಲ್ಲಿ ನಿನ್ನ ಕ್ಲಾರಿನೆಟ್ಟಿನವಳು ಊದಲು ಶುರು ಮಾಡಿದಳು. ಮೂವತ್ತನೆಯ ಮನೆ ದಾಟುವಷ್ಟರಲ್ಲಿ ಸತ್ತುಹೋದಳು. ಶವವನ್ನು ಪಕ್ಕಕ್ಕಿಟ್ಟು ಮುಂದೆ ಓದಿದೆ. ಪೆದ್ದಿ, ನೀನು ನೊಣದ ಕಲೆ ಎಂದು ಅಳಿಸಿದ್ದು ನನ್ನ ಉಸಿರಿನ ಗುರುತುಗಳು! ಗೆರೆಯ ಮೇಲೆ ಚಿಕ್ಕ ಅಲ್ಪವಿರಾಮದ ಹಾಗೆ ಇರುತ್ತದಲ್ಲ, ಅದೇ. ಒಂದನ್ನೂ ಉಳಿಸಿಲ್ಲ ಎಂದು ಹೆಮ್ಮೆ ಬೇರೆ. ಬಸ್ಸಿನ ವೇಳಾಪಟ್ಟಿಯಲ್ಲೂ ಡ್ರೈವರಿಗೆ ಚಹಾ ಕುಡಿಯಲು ಬಿಡುವು ಕೊಡುತ್ತೀಯ. ಊದುವವರಿಗೆ ಉಸಿರು ಬೇಡವೇ? ನಿನ್ನ ಕಂಪ್ಯೂಟರಿಗೆ ಎದೆಗೂಡಿಲ್ಲ. ಅದು ಎಡವದೆ ನುಡಿಸಿತು ಎಂದು ನೀವು ಅದನ್ನು ಅನುಕರಿಸಲು ಹೋದರೆ ಒಬ್ಬೊಬ್ಬರಿಗೆ ಒಂದೊಂದು ಕಡೆ ಉಸಿರು ಕಟ್ಟುತ್ತದೆ, ಒಬ್ಬೊಬ್ಬರು ಒಂದೊಂದು ಕಡೆ ಬಾಯಿ ಬಿಡುತ್ತೀರಿ. ಅದೇ ನಿಮ್ಮ ಮಾಸ್ಟರಮ್ಮನಿಗೆ ಕೇಳಿಸುವ ತೂತು.

ನಾನಿದ್ದಾಗ ತೂತಿರಲಿಲ್ಲ ಅಂದೆ. ನೀವು ಯಾರೂ ಹಾಳೆ ನೋಡುತ್ತಲೇ ಇರಲಿಲ್ಲ. ನನ್ನ ಭುಜ ಏರಿದಾಗ ಉಸಿರೆಳೆಯುತ್ತಿದ್ದಿರಿ, ಅಷ್ಟೇ.

ಇನ್ನೊಂದು ಮಾತು. ಇದನ್ನು ಬರೆಯಲೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಹಾಳೆಗಳನ್ನು ಟೇಬಲ್ಲಿನ ಮೇಲೆ ಹರಡಿ ಓದುತ್ತಿದ್ದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಸೀಟಿಯ ಟ್ರಂಪೆಟ್ ಬಂತು. ಬಂತು ಅಂದರೆ ಬಂತು. ನೆನಪಲ್ಲ, ಪೀಪಿ. ಕೇಳಿಸಿತು. ಆಮೇಲೆ ಕೊಳಲು, ಕೆಳಗಿನಿಂದ ಡ್ರಮ್ಮು. ಬ್ಯಾಂಡಿನಲ್ಲಿ ಕೂತಾಗ ನನಗೆ ನನ್ನ ಕ್ಲಾರಿನೆಟ್ಟೇ ಜೋರು. ಗುಡುಗಣ್ಣನಿಗೆ ನಾನು ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಈಗ ಗೊತ್ತಾಯಿತು! ಹಾಳೆ ಸ್ವಚ್ಛವಾಗಿದ್ದಲ್ಲೆಲ್ಲ ಕೇಳಿಸುತ್ತದೆ. ನೀನು ಒತ್ತೊತ್ತಾಗಿ ತುಂಬಿದ ಕಡೆ ಬರೀ ಗಲಾಟೆ. ಆದ್ದರಿಂದ ಕಾಗದ ಉಳಿಸಬೇಡ. ಜಾಗ ಬಿಡು.

ಉಳಿದ ಅರ್ಧ ಯಾವಾಗ ಬರುತ್ತದೆ?

ಅಪ್ಪ

ಅತ್ತೆ ಬರೆಯೋದು: ಮೊನ್ನೆ ಒಳಗೆ ಬಂದು ನೋಡಿದ್ರೆ ಈ ಮನುಷ್ಯ ಹಾಳೆ ಮುಂದೆ ಕೂತು ಅಳ್ತಾ ಇದ್ದ, ನಗ್ತಾನೂ ಇದ್ದ. ಜ್ವರ ಬಂತೇನೋ ಅಂತ ಹಣೆ ಮುಟ್ಟಿದೆ. "ಅಕ್ಕಾ, ಸ್ವಲ್ಪ ಸುಮ್ನಿರು, ಕೇಳಿಸ್ತಿಲ್ಲ" ಅಂದ. ನಾನು ಬಾಯೇ ತೆರೆದಿರಲಿಲ್ಲ.

&nbsp;

೧೦ ಏಪ್ರಿಲ್

ಅಪ್ಪಾ, ಅಪ್ಪಾ, ಅಪ್ಪಾ!

ನಿನ್ನ ಕಾಗದವನ್ನು ಡಿಪೋದ ಮೆಟ್ಟಿಲ ಮೇಲೆ ನಿಂತೇ ಓದಿದೆ. ಎರಡನೆಯ ಸಲ ಕೂತು ಓದಿದೆ. ಪಕ್ಕದಲ್ಲಿ ಹೋಗುತ್ತಿದ್ದ ಡ್ರೈವರು, "ಏನಮ್ಮಾ, ಪ್ರಮೋಷನ್ನಾ?" ಎಂದ. "ಅದಕ್ಕಿಂತ ದೊಡ್ಡದು" ಅಂದೆ.

ಉಸಿರಿನ ಗುರುತು ಸಾಫ್ಟ್‌ವೇರಿನಲ್ಲೂ ಇದೆ. ಇಷ್ಟು ದಿನ ಕಣ್ಣೆದುರೇ ಇತ್ತು, ಎಡಗಡೆಯ ಪಟ್ಟಿಯ ಕೆಳಗೆ. ಸ್ವರವನ್ನು ಆರಿಸಿ ಅದರ ಮೇಲೆ ಒತ್ತಿದರೆ ಬಂದು ಕೂರುತ್ತದೆ. ನಿನ್ನ ಕೆಂಪು ಗುರುತಿದ್ದ ಕಡೆಯೆಲ್ಲ ಹಾಕಿದೆ. ಗೆರೆಗಳನ್ನು ದೊಡ್ಡದು ಮಾಡಿದೆ, ಸಾಲುಗಳ ನಡುವೆ ಜಾಗ ಬಿಟ್ಟೆ. ಪುಟ ಮುಗಿಯುವ ಕಡೆ ಊದುವವರಿಗೆ ಬಿಡುವಿರುವಂತೆ ಸಾಲು ಮುರಿದೆ. ಮೊದಲು ಹಾಗಿರಲಿಲ್ಲ. ಸೀಟಿ ಟ್ರಂಪೆಟ್ ಊದುತ್ತಲೇ ಹಾಳೆಯನ್ನು ಗಲ್ಲದಿಂದ ತಿರುಗಿಸಲು ಹೋಗಿ ಸ್ಟ್ಯಾಂಡನ್ನೇ ಬೀಳಿಸಿದ್ದ.

ನಿನ್ನೆ ನುಡಿಸಿದೆವು. ಇಪ್ಪತ್ತನೆಯ ಮನೆ ಬಂತು. ಇಪ್ಪತ್ತಮೂರರಲ್ಲಿ ಗುರುತು. ನಾವೆಲ್ಲ ಒಟ್ಟಿಗೆ ಉಸಿರೆಳೆದೆವು ಅಪ್ಪ, ಇಡೀ ಸಾಲು ಒಂದೇ ಎದೆ ಎಂಬ ಹಾಗೆ! ಮುಂದಿನ ಸ್ವರ ಎಂಥ ತುಂಬಿಕೊಂಡು ಬಂತು ಎಂದರೆ ಮಾಸ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು. ಮುಗಿದ ಮೇಲೆ, "ಬೇರೆ ಹಾಡು ಬೇಡ. ಇದೇ" ಅಂದರು. ಗುಡುಗಣ್ಣ ಟೈರುಗಳ ಮೇಲೆ ಹತ್ತಿ ಕುಣಿದ. ನಾನೂ ಕುಣಿದೆ, ಯಾರಿಗೂ ಹೇಳಬೇಡ.

ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಬರುತ್ತೀಯಲ್ಲ?

ಪೀಪಿ

&nbsp;

೨ ಮೇ

ಪೀಪಿ,

ಇಲ್ಲ.

ನೀನು ಕುಣಿದದ್ದನ್ನು ಓದಿ ನಾನು ಒಬ್ಬನೇ ಕೂತು ನಕ್ಕೆ. ಹಾಳೆಗಳನ್ನು ಎಷ್ಟು ಬೇಕಾದರೂ ಕಳಿಸು, ತಿದ್ದುತ್ತೇನೆ. ಅಲ್ಲಿಗೆ ಬಾ ಎಂದು ಮಾತ್ರ ಕರೆಯಬೇಡ. ಕಾರಣ ನಿನಗೆ ಗೊತ್ತು, ಆದರೂ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ.

ಕೊನೆಯ ಕಾರ್ಯಕ್ರಮದಲ್ಲಿ ನೀವೆಲ್ಲ ನಿಲ್ಲಿಸಿದ್ದು ನನಗೆ ತಿಳಿಯಲಿಲ್ಲ. ನಾನೊಬ್ಬನೇ ಊದುತ್ತಲೇ ಇದ್ದೆ. ಕಣ್ಣು ತೆರೆದರೆ ನೀನು ನನ್ನ ಮೊಣಕೈ ಹಿಡಿದಿದ್ದೆ. ಜನ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪಾಪ ಎಂದು. ಸದ್ದಿಲ್ಲದ ಅಷ್ಟು ಕೈಗಳು. ಅದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಜನರೆದುರು ಇನ್ನೊಮ್ಮೆ ಕೂರಲಾರೆ.

ಐವತ್ತೆಂಟನೆಯ ಮನೆಯಲ್ಲಿ ಮೆಲ್ಲಗೆ ಎಂಬ ಗುರುತು ಬಿಟ್ಟುಹೋಗಿದೆ.

ಅಪ್ಪ

&nbsp;

೨೦ ಮೇ

ಅಪ್ಪ,

ಐವತ್ತೆಂಟು ಸರಿಮಾಡಿದೆ. ಪೂರ್ತಿ ಹಾಡು ಇದರ ಜೊತೆಗಿದೆ. ದೊಡ್ಡ ಹಾಳೆ, ಗಟ್ಟಿ ರಟ್ಟು, ಬಿಚ್ಚಿಟ್ಟರೆ ಮುಚ್ಚಿಕೊಳ್ಳದ ಹಾಗೆ ಸುರುಳಿ ತಂತಿ. ಮೊದಲ ಪುಟದಲ್ಲಿ ನಿನ್ನ ಹೆಸರನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ದೊಡ್ಡದು ಮಾಡಿದ್ದೇನೆ. ಚಿಕ್ಕದು ಮಾಡು ಎಂದರೆ ಮಾಡುವುದಿಲ್ಲ.

ನೀನು ಬರೆದದ್ದನ್ನು ಓದಿ ತುಂಬ ಅತ್ತುಬಿಟ್ಟೆ. ನಾನು ಮೊಣಕೈ ಹಿಡಿಯುವ ಬದಲು ನಿನ್ನ ಜೊತೆ ಊದಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಬಾ ಎಂದು ಕರೆಯುವುದಿಲ್ಲ. ಒಂದು ವಿಷಯ ಮಾತ್ರ ಹೇಳುತ್ತೇನೆ. ಈ ಪ್ರತಿಯನ್ನು ನೀನು ಅತ್ತೆಯ ಟೇಬಲ್ಲಿನ ಮೇಲಿಟ್ಟು ಓದಬಹುದು. ಇಲ್ಲಿ ಮೊದಲ ಸಾಲಿನಲ್ಲಿ, ತೊಡೆಯ ಮೇಲಿಟ್ಟೂ ಓದಬಹುದು. ಯಾರನ್ನೂ ನೋಡಬೇಕಿಲ್ಲ, ಯಾರೊಂದಿಗೂ ಮಾತಾಡಬೇಕಿಲ್ಲ. ಓದುವುದು ಹೇಗೂ ಓದುತ್ತೀಯ. ನಾವು ಅದೇ ಹೊತ್ತಿಗೆ ನುಡಿಸುತ್ತಿರುತ್ತೇವೆ, ಅಷ್ಟೇ ವ್ಯತ್ಯಾಸ.

ಎರಡು ಕುರ್ಚಿಗಳ ಮೇಲೆ ಕರವಸ್ತ್ರ ಹಾಕಿಟ್ಟಿರುತ್ತೇನೆ.

ಪೀಪಿ

&nbsp;

೩೦ ಮೇ

ಮಗೂ, ಅತ್ತೆ ಬರೆಯುತ್ತಿರುವುದು. ಅವನಿಗೆ ಗೊತ್ತಿಲ್ಲ. ಬರಲ್ಲ ಅಂತ ದಿನಕ್ಕೆ ಮೂರು ಹೊತ್ತು ಹೇಳ್ತಾನೆ, ನಾನು ಕೇಳದೇ ಇದ್ರೂ. ಆದ್ರೆ ಇವತ್ತು ಚಪ್ಪಲಿ ಅಂಗಡಿಗೆ ಹೋಗಿ ಶೂ ಹೊಲಿಸಿಕೊಂಡು ಬಂದ. ನಾನೂ ಒಂದು ಒಳ್ಳೆ ಸೀರೆ ತೆಗೆದಿಟ್ಟೆ. ಅವನು ಅದನ್ನು ನೋಡಿಯೂ ನೋಡದ ಹಾಗೆ ಹೋದ.

ಅತ್ತೆ

&nbsp;

೧೫ ಜೂನ್

ಪೀಪಿ,

ನಿನ್ನೆ ಮನೆ ಮುಟ್ಟಿದೆವು. ಅಲ್ಲಿ ನಿನ್ನ ಹತ್ತಿರ ಏನೂ ಹೇಳಲಾಗಲಿಲ್ಲ. ಸೀಟಿ ಮತ್ತು ಗುಡುಗಣ್ಣ ನನ್ನನ್ನು ಎತ್ತಿಕೊಂಡು ಹೊಸ ಕಟ್ಟಡವನ್ನೆಲ್ಲ ಸುತ್ತಿಸುತ್ತಿದ್ದರು, ನೀನೇ ನೋಡಿದೆ. ಸೊಂಟ ಇನ್ನೂ ಹಿಡಿದುಕೊಂಡಿದೆ.

ನಡೆದದ್ದನ್ನು ಹೇಳುತ್ತೇನೆ ಕೇಳು. ತೊಡೆಯ ಮೇಲೆ ಪ್ರತಿ ಇಟ್ಟುಕೊಂಡು, ತಲೆಯೆತ್ತುವುದಿಲ್ಲ ಎಂದು ಶಪಥ ಮಾಡಿ ಕೂತಿದ್ದೆ. ಶುರುವಾದದ್ದು ತಿಳಿಯಲೆಂದು ಮಾಸ್ಟರಮ್ಮನ ಕೈಯನ್ನು ಮಾತ್ರ ನೋಡಿದೆ. ಮೊದಲ ಪುಟವನ್ನು ಅವರ ಕೈ ನೋಡಿಕೊಂಡು ಓದಿದೆ. ಎರಡನೆಯ ಪುಟದಲ್ಲಿ ಕೈ ನೋಡುವುದು ಮರೆತೇಹೋಯಿತು. ಹಾಡಿನೊಳಗೆ ಡಿಪೋದ ಗೇಟು ತೆರೆಯಿತು, ಮೊದಲ ಬಸ್ಸು ಹೊರಟಿತು, ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು.

ಇಪ್ಪತ್ತಮೂರನೆಯ ಮನೆ ಬಂತು. ಅಲ್ಲಿ ನನ್ನ ಗುರುತಿದೆ. ಯಾಕೋ ತಲೆ ಎತ್ತಿದೆ. ಅದೇ ಕ್ಷಣಕ್ಕೆ ಕ್ಲಾರಿನೆಟ್ ಸಾಲಿನ ಭುಜಗಳೆಲ್ಲ ಒಟ್ಟಿಗೆ ಏರಿದವು! ನಿನ್ನದೂ, ನಿನ್ನ ಪಕ್ಕದವಳದೂ, ಹಿಂದಿನವರದೂ. ನಾನೂ ಉಸಿರೆಳೆದೆ. ಭುಜಗಳು ಇಳಿದಾಗ ಹಾಡು ನನ್ನ ಕಿವಿಯಲ್ಲಿತ್ತು, ಪೀಪಿ. ಹಾಳೆಯಲ್ಲಿ ಅಲ್ಲ, ಕಿವಿಯಲ್ಲಿ. ಅಲ್ಲಿಂದ ಮುಂದೆ ಪ್ರತಿ ಗುರುತಿಗೂ ತಲೆಯೆತ್ತಿದೆ, ಪ್ರತಿ ಸಲವೂ ನೀವು ಅಲ್ಲಿದ್ದಿರಿ.

ಕೊನೆಯ ಮನೆಯಲ್ಲಿ ನಾನೂ ನೀವೂ ಒಟ್ಟಿಗೆ ನಿಂತೆವು. ಇಡೀ ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟಿದವನು ನಾನು. ಅಕ್ಕ ಹೇಳಿದಳು, ಬೇರೆ ಯಾರಿಗೂ ಮುಗಿದದ್ದು ಇನ್ನೂ ತಿಳಿದಿರಲಿಲ್ಲವಂತೆ.

ಆದರೆ ಒಂದು ತಪ್ಪಾಗಿದೆ. ಅರವತ್ತೆರಡನೆಯ ಮನೆಯಲ್ಲಿ ನಿನ್ನ ಭುಜ ಏರಿತು. ನಿನ್ನದೊಂದೇ. ಅಲ್ಲಿ ನಾನು ಗುರುತು ಹಾಕಿಲ್ಲ. ನನಗೆ ಕೇಳಿಸುವುದಿಲ್ಲ ಎಂದುಕೊಂಡೆಯಾ?

ಅಪ್ಪ

&nbsp;

೨೧ ಜೂನ್

ಅಪ್ಪ,

ಅರವತ್ತೊಂದರ ಕೊನೆಗೆ ನಿನ್ನ ಪ್ರತಿಯಲ್ಲಿ ಪುಟ ಮುಗಿಯುತ್ತದೆ. ನಾವು ಅರವತ್ತೆರಡಕ್ಕೆ ಕಾಲಿಟ್ಟ ಹೊತ್ತಿಗೆ ಸರಿಯಾಗಿ ಮೊದಲ ಸಾಲಿನಲ್ಲಿ ಒಂದು ಬಿಳಿ ಹಾಳೆ ತಿರುಗಿತು. ಮಾಸ್ಟರಮ್ಮನದೂ ಅದೇ ಕ್ಷಣಕ್ಕೆ ತಿರುಗಿತು. ಒಂದು ಎಣಿಕೆಯೂ ಹಿಂದಿಲ್ಲ, ಒಂದು ಎಣಿಕೆಯೂ ಮುಂದಿಲ್ಲ.

ನಾನು ಉಸಿರೆಳೆದದ್ದಲ್ಲ. ಬಿಕ್ಕಿದ್ದು.

ಹೊಸ ಪ್ರತಿ ಕಳಿಸುತ್ತಿದ್ದೇನೆ. ಆ ಮನೆಯಲ್ಲೊಂದು ಗುರುತು ಹಾಕಿದ್ದೇನೆ, ಅಳಿಸಬೇಡ.

ಪೀಪಿ